ಅಕ್ಷರಕ್ಕೆ ಮುಂಚೆ ಮಾತು

ಒಂದನೆಯ ತರಗತಿಯಿಂದ ಹಂತಹಂತವಾಗಿ ಎಲ್ಲ ಶಾಲೆಗಳಲ್ಲೂ ಕನ್ನಡವನ್ನು ಕಲಿಸತಕ್ಕದ್ದೆಂದು ರಾಜ್ಯದ 2015ರ ಅಧಿನಿಯಮ ವಿಧಿಸಿತು. ಮೂರನೆಯ ತರಗತಿ ಮುಗಿಯುವುದರೊಳಗೆ ಪ್ರತಿಯೊಂದು ಮಗುವೂ ಅರ್ಥವರಿತು ಓದಬೇಕೆಂಬುದು 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಯೋಜನೆಯ ಗುರಿ. ಅದಕ್ಕೆ ಗೊತ್ತುಮಾಡಿದ ಅವಧಿ 2026-27. ಈ ಎರಡು ಆಶಯಗಳಿಗೂ ಬೆಂಗಳೂರಿನ ದಂಡುಪ್ರದೇಶವೇ ಒರೆಗಲ್ಲು. ಶಿವಾಜಿನಗರದ ಅನೇಕ ಮನೆಗಳ ಮಾತು ಉರ್ದು. ಹಲಸೂರಿನ ಅನೇಕ ಮನೆಗಳದು ತಮಿಳು.

ನಮ್ಮ ಲಿಪಿ ಉಚ್ಚಾರವನ್ನು ಅನುಸರಿಸತಕ್ಕದ್ದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ‘ನಲಿ-ಕಲಿ’ ಪದ್ಧತಿಯು ಅಕಾರಾದಿಯನ್ನು ಬಿಟ್ಟು ರ, ಗ, ಸ, ದ, ಅ ಎಂಬ ಅಕ್ಷರಗಳಿಂದ ತೊಡಗುತ್ತದೆ. ಇವುಗಳಲ್ಲಿ ಮೂರನ್ನು ಕೂಡಿಸಿ ಮಗು ಬೇಗನೆ ‘ಅರಸ’ ಎಂದು ಓದಬಲ್ಲುದು. ತಮಿಳು ಮನೆಯ ಮಗುವಿಗೆ ‘ಅರಸನ್’ ನೆರವಾದೀತು. ಉರ್ದು ಮನೆಯ ಮಗುವಿಗೆ ಅದು ಬರಿಯ ಸದ್ದು. ಉಚ್ಚಾರಣೆ ಮಾತ್ರ ಇಬ್ಬರದೂ ಶುದ್ಧ. ಕೇಳುವ ಉಪಾಧ್ಯಾಯರು ಇಬ್ಬರಿಗೂ ಓದು ಬಂದಿತೆಂದು ಭಾವಿಸುತ್ತಾರೆ.

ಕನ್ನಡ ಮನೆಯ ಮಗು ಐದಾರು ವರ್ಷ ಕೇಳಿದ ಮಾತನ್ನೇ ಪುಸ್ತಕದಲ್ಲಿ ಗುರುತಿಸುತ್ತದೆ. ಉಳಿದ ಮಕ್ಕಳಿಗೆ ಆ ಕೇಳ್ಮೆಯನ್ನು ಶಾಲೆಯೇ ಒದಗಿಸಬೇಕು. ಮೊದಲ ವರ್ಷ ಕಥೆ, ಹಾಡು, ಸಂಭಾಷಣೆಗಳು ಮುಂದೆ ನಡೆದು, ಅಕ್ಷರ ಅವುಗಳನ್ನು ಹಿಂಬಾಲಿಸುವುದು ಲೇಸೆಂದು ನನ್ನ ಅಭಿಪ್ರಾಯ. ಓದಿದ ಪದದ ಅರ್ಥವನ್ನು ಮಗು ತನ್ನ ಮನೆಮಾತಿನಲ್ಲಿಯೇ ಹೇಳಲಿ. ಅದರಿಂದ ಕನ್ನಡಕ್ಕೆ ಕುಂದೇನೂ ಇಲ್ಲ.