ಅನ್ನದ ಪಂಕ್ತಿಯಲ್ಲಿ ಎದ್ದ ದೂರು

ಆದಿ ಧರ್ಮಸಭೆಯನ್ನು ನೆನೆದಾಗಲೆಲ್ಲ ವಿಶ್ವಾಸಿಗಳು ಏಕಮನಸ್ಸಿನಿಂದ ಬಾಳುತ್ತಿದ್ದರು, ಇದ್ದುದನ್ನು ಹಂಚಿಕೊಂಡು ಉಣ್ಣುತ್ತಿದ್ದರು ಎಂಬ ಚಿತ್ರವೇ ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ಆದರೆ ಆ ಚಿತ್ರವನ್ನು ನಮಗಿತ್ತ ಸಂತ ಲೂಕರೇ 'ಪ್ರೇಷಿತರ ಕಾರ್ಯಕಲಾಪಗಳು' ಗ್ರಂಥದ ಆರನೆಯ ಅಧ್ಯಾಯದಲ್ಲಿ ಮತ್ತೊಂದು ಸಂಗತಿಯನ್ನೂ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ. ದಿನನಿತ್ಯದ ಅನ್ನದಾನದಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಜೆರುಸಲೇಮಿನ ಗ್ರೀಕ್ ಭಾಷಿಕ ವಿಶ್ವಾಸಿಗಳು ಗೊಣಗಿದರು. ಸಭೆಯ ಎಳವೆಯಲ್ಲಿಯೇ ಭಾಷೆಯ ಗೆರೆಯ ಮೇಲೆ ಅಸಮಾಧಾನ ತಲೆಯೆತ್ತಿತ್ತು!

ಪ್ರೇಷಿತರು ಮಾಡಿದ್ದೇನು? ಗೊಣಗಿದವರನ್ನು ಅವರು ಗದರಿಸಲಿಲ್ಲ. ಐಕ್ಯಕ್ಕೆ ಭಂಗ ತರಬೇಡಿರೆಂದು ಬಾಯಿ ಮುಚ್ಚಿಸಲಿಲ್ಲ. ಎಲ್ಲರನ್ನೂ ಒಂದೆಡೆ ಸೇರಿಸಿದರು. ಎಲ್ಲ ಕೆಲಸವನ್ನೂ ತಾವೇ ಮಾಡುವುದು ಸರಿಯಲ್ಲವೆಂದು ಒಪ್ಪಿಕೊಂಡರು. ಏಳು ಮಂದಿಯನ್ನು ಆರಿಸುವ ಹೊಣೆಯನ್ನು ಸಭೆಗೇ ಬಿಟ್ಟು, ಆಯ್ಕೆಯಾದವರ ಮೇಲೆ ಹಸ್ತವಿಟ್ಟು ಪ್ರಾರ್ಥಿಸಿದರು. ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳೆಂಬುದು ಗಮನಾರ್ಹ. ದೂರು ಕೊಟ್ಟವರ ನಡುವಿನಿಂದಲೇ ಸೇವಕರನ್ನು ಆರಿಸಿದಂತೆ ತೋರುತ್ತದೆ. ಹೀಗೆ ಒಂದು ದೂರಿನಿಂದ ಧರ್ಮಸಭೆಯಲ್ಲಿ ಒಂದು ಹೊಸ ಸೇವೆಯೇ ಹುಟ್ಟಿಕೊಂಡಿತು.

ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಗೊಣಗಾಟಕ್ಕೇನೂ ಕೊರತೆಯಿಲ್ಲ. ಬಲಿಪೂಜೆ ಯಾವ ಭಾಷೆಯಲ್ಲಿ ನಡೆಯಬೇಕು ಎಂಬ ಪ್ರಶ್ನೆ ಕರ್ನಾಟಕದ ಕಥೋಲಿಕರನ್ನು ದಶಕಗಳಿಂದ ಕಾಡಿದೆ. ಕನ್ನಡ, ಕೊಂಕಣಿ, ತಮಿಳು ನುಡಿಯುವ ಮಕ್ಕಳು ಒಂದೇ ಪೀಠದ ಮುಂದೆ ಮೊಣಕಾಲೂರಿಯೂ ಪರಸ್ಪರ ಮುಖ ತಿರುಗಿಸಿದ್ದುಂಟು. ಪ್ರಾರ್ಥನಾಕೂಟದವರ ಕಣ್ಣಿಗೆ ಸಮಾಜಸೇವೆಗೆ ಇಳಿದವರು ಭಕ್ತಿಹೀನರು. ಅವರ ಕಣ್ಣಿಗೆ ಇವರು ಬರಿಯ ಬಾಯಿಮಾತಿನವರು. ಅಸಮಾಧಾನವು ಸಭೆಯಲ್ಲಿ ತುಟಿ ಬಿಚ್ಚದೆ, ಪೂಜೆ ಮುಗಿದ ಮೇಲೆ ಗೇಟಿನ ಬಳಿ ಬಾಯಿ ಬಿಡುತ್ತದೆ. ಭಿನ್ನಾಭಿಪ್ರಾಯ ಇರುವುದು ರೋಗವಲ್ಲ. ಅದಕ್ಕೆ ಹೇಳಿಕೊಳ್ಳಲು ಸ್ಥಳವಿಲ್ಲದಿರುವುದೇ ರೋಗ ಎಂಬುದು ನಮ್ಮ ಅಭಿಮತ.

ಈ ಸ್ಥಳವನ್ನು ಧರ್ಮಸಭೆಯೇ ನಮಗೆ ಒದಗಿಸಿದೆ. ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರೂ ಕ್ರಿಸ್ತರ ಯಾಜಕ, ಪ್ರವಾದಿ ಹಾಗೂ ರಾಜ ಸೇವೆಗಳಲ್ಲಿ ಪಾಲುದಾರರೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿಯೇ ಬೋಧಿಸಿತು. ಸಭೆಯ ಒಳಿತಿಗೆ ಸಂಬಂಧಿಸಿದ ತಮ್ಮ ಅಭಿಪ್ರಾಯವನ್ನು ಗುರುಹಿರಿಯರಿಗೆ ಗೌರವಪೂರ್ವಕವಾಗಿ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯವೂ ಹೌದೆಂದು 1983ರ ಧರ್ಮಸಭಾ ಸಂಹಿತೆಯ 212ನೆಯ ವಿಧಿ ಹೇಳುತ್ತದೆ. ಪೋಪ್ ಫ್ರಾನ್ಸಿಸ್‌ರವರು 2021ರಲ್ಲಿ ವಾಚಕ ಹಾಗೂ ಪೀಠಸೇವಕ ಸೇವೆಗಳನ್ನು ಮಹಿಳೆಯರಿಗೂ ತೆರೆದರು. ಅದೇ ವರ್ಷ ಧರ್ಮೋಪದೇಶಕರ ಸೇವೆಯನ್ನು ವಿಧ್ಯುಕ್ತವಾಗಿ ಸ್ಥಾಪಿಸಿದರು. 2023ರ ಸಿನೋದಿನಲ್ಲಿ ಮಹಿಳೆಯರು ಮೊದಲ ಬಾರಿಗೆ ಮತ ಚಲಾಯಿಸಿದರು. ರೋಮಿನಲ್ಲಿ ತೆರೆದ ಬಾಗಿಲು ನಮ್ಮ ಊರಿನ ಧರ್ಮಕೇಂದ್ರದಲ್ಲಿ ಮುಚ್ಚಿಕೊಂಡಿರಬೇಕೆ?

ಹಾಗಾದರೆ ಯಾರು ಏನು ಹೇಳಿದರೂ ಸರಿಯೇ ಎಂದು ಕೆಲವರು ಆಕ್ಷೇಪಿಸಬಹುದು. ಖಂಡಿತ ಅಲ್ಲ. ವಿಶ್ವಾಸದ ಸತ್ಯಗಳನ್ನು ಕೈಯೆತ್ತಿಸಿ ಎಣಿಸಿ ತೀರ್ಮಾನಿಸಲಾಗದು. ಆದರೆ ಐಕ್ಯವೆಂದರೆ ಏಕರೂಪತೆಯೂ ಅಲ್ಲ. ಕಥೋಲಿಕ ಧರ್ಮಸಭೆಯೇ 24 ಸ್ವಾಯತ್ತ ಸಭೆಗಳ ಅನ್ಯೋನ್ಯತೆ. ಅವುಗಳಲ್ಲಿ ಲ್ಯಾಟಿನ್, ಸಿರೋ-ಮಲಬಾರ್, ಸಿರೋ-ಮಲಂಕರ ಎಂಬ ಮೂರು ನಮ್ಮ ರಾಜ್ಯದಲ್ಲಿಯೇ ಇವೆ. ಆರಾಧನಾ ವಿಧಿಗಳು ಬೇರೆ, ವಿಶ್ವಾಸ ಒಂದೇ. ಸಂತ ಪೌಲರೂ ಬಾರ್ನಬರೂ ಮಾರ್ಕನ ವಿಷಯದಲ್ಲಿ ಜಗಳವಾಡಿ ಬೇರೆ ಬೇರೆ ದಾರಿ ಹಿಡಿದರು; ಆದರೂ ಶುಭಸಂದೇಶದ ಸೇವೆ ನಿಲ್ಲಲಿಲ್ಲ. ಮುಂದೆ ಅದೇ ಮಾರ್ಕ ತಮ್ಮ ಸೇವೆಗೆ ಬೇಕಾದವನೆಂದು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲರೇ ಅವನನ್ನು ಕರೆಸಿಕೊಳ್ಳುತ್ತಾರೆ.

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ಧರ್ಮಕೇಂದ್ರದ ಪಾಲನಾ ಮಂಡಳಿಯ ಮುಂದಿನ ಸಭೆಯಲ್ಲಿ ಕುಳಿತಾಗ ನಮ್ಮ ನಡುವೆ ಯಾರಿಲ್ಲ ಎಂಬುದನ್ನು ಮೊದಲು ನೋಡೋಣ. ಯಾವ ಭಾಷೆಯ ವಿಧವೆ, ಯಾವ ಬೀದಿಯ ಬಡವ, ಯಾವ ಯುವಕ ನಮ್ಮ ಪಂಕ್ತಿಯಿಂದ ಹೊರಗುಳಿದಿದ್ದಾರೆಂದು ವಿಚಾರಿಸೋಣ. ಮಂಡಳಿಯ ಮಾತು ಸಲಹೆ ಮಾತ್ರವೆಂಬುದು ನಿಜ. ಆದರೆ ಸಲಹೆಯನ್ನು ಕಿವಿಗೊಟ್ಟು ಕೇಳುವುದು ಗುರುಗಳಿಗೂ, ಕಹಿಯಿಲ್ಲದೆ ಹೇಳುವುದು ನಮಗೂ ಸೇರಿದ ಧರ್ಮ. ದೂರು ಹೇಳಿದವರಿಗೆ ಉತ್ತರವನ್ನಷ್ಟೇ ಕೊಡದೆ, ಒಂದು ಕೆಲಸವನ್ನೂ ನಂಬಿ ಒಪ್ಪಿಸೋಣ.

ಅನ್ನ ಬಡಿಸಲು ನೇಮಕಗೊಂಡ ಏಳ್ವರಲ್ಲಿ ಫಿಲಿಪ್ಪರು ಸಮಾರಿಯಕ್ಕೆ ಶುಭಸಂದೇಶವನ್ನು ಒಯ್ದರು; ಸ್ತೇಫನರು ಧರ್ಮಸಭೆಯ ಪ್ರಥಮ ರಕ್ತಸಾಕ್ಷಿಯಾದರು. ಅಂದು ಪ್ರೇಷಿತರು ಆ ಗೊಣಗಾಟಕ್ಕೆ ಕಿವಿಗೊಡದೇ ಹೋಗಿದ್ದರೆ, ಈ ಇಬ್ಬರ ಹೆಸರನ್ನೂ ನಾವು ಕೇಳುತ್ತಿರಲಿಲ್ಲವೇನೋ.