ಒಮ್ಮೆ ಬಳಸಿದ ನೀರನ್ನು ಮತ್ತೆ ಬಳಸಬಹುದೇ?

ಮಕ್ಕಳೇ, ಚಿಕ್ಕಬಳ್ಳಾಪುರದ ಬಳಿ ಇರುವ ಸ್ಕಂದಗಿರಿಯ ಹೆಸರು ಕೇಳಿದ್ದೀರಲ್ಲವೇ? ಚಳಿಗಾಲದ ಮುಂಜಾನೆ ಅದರ ತುದಿಯಲ್ಲಿ ನಿಂತರೆ ಮೋಡಗಳು ಕಾಲ ಕೆಳಗೆ ತೇಲುತ್ತವೆ. ಆದರೆ ಕೆಳಗಿನ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಮಳೆ ಕೈಕೊಟ್ಟರೆ ಕೆರೆ ಬತ್ತುತ್ತದೆ. ಆಮೇಲೆ ಕೊಳವೆಬಾವಿ ಕೊರೆಯುವ ಲಾರಿ ಬರುತ್ತದೆ. ಈ ಸೀಮೆಯಲ್ಲಿ ಸಾವಿರ ಅಡಿಗಿಂತ ಆಳಕ್ಕೆ ಕೊರೆದದ್ದೂ ಉಂಟು. ಬಂಡೆಗಳ ನಡುವೆ ಬಹುಕಾಲ ನಿಂತ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚಿರುತ್ತದೆ. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಲೆಗಳು ಮೂಡುತ್ತವೆ. ಇನ್ನೂ ಹೆಚ್ಚಾದರೆ ಮೂಳೆಗಳಿಗೂ ತೊಂದರೆ. ಇನ್ನಷ್ಟು ಆಳಕ್ಕೆ ಕೊರೆಯುವುದು ಬರಗಾಲಕ್ಕೆ ಉತ್ತರವಲ್ಲ ಎಂದು ನಾನು ಹೇಳುವುದು ಇದಕ್ಕೇ.

ಹಾಗಾದರೆ ನೀರು ಎಲ್ಲಿಂದ ತರುವುದು? ಪಕ್ಕದ ಬೆಂಗಳೂರನ್ನು ನೋಡೋಣ. 2023ರಲ್ಲಿ ಮುಂಗಾರು ಸೋತು, ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿದ್ದವು. ಮಾರ್ಚ್ ತಿಂಗಳಲ್ಲಿ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು, ಕೈತೋಟಕ್ಕೆ ಹಾಯಿಸುವುದನ್ನು ನಿಷೇಧಿಸಿತು. ತಪ್ಪಿದರೆ 5,000 ರೂಪಾಯಿ ದಂಡ! ಕಟ್ಟಡ ಕೆಲಸಕ್ಕೆ ಶುದ್ಧೀಕರಿಸಿದ ಬಳಕೆ ನೀರನ್ನು ಕೊಟ್ಟಿತು. ಇದು ಸರಿಯಾದ ದಾರಿ. ಕುಡಿಯಲು ಬೇಕಾದಂಥ ನೀರು ಗಾರೆ ಕಲಸಲು ಏಕೆ ಬೇಕು?

ಈಗ ಒಂದು ಸ್ವಾರಸ್ಯ ಕೇಳಿ. ಅರ್ಕಾವತಿ ನದಿ ಹುಟ್ಟುವುದು ನಂದಿಬೆಟ್ಟದಲ್ಲಿ. ಅದಕ್ಕೆ ಹೆಸರಘಟ್ಟದಲ್ಲಿ 1894ರಲ್ಲಿ ಜಲಾಶಯ ಕಟ್ಟಿ, ಬೆಂಗಳೂರಿಗೆ ನೀರು ಕೊಟ್ಟರು. ಇಂದು ಬೆಂಗಳೂರಿಗೆ ಸುಮಾರು 100 ಕಿ.ಮೀ. ದೂರದಿಂದ ಕಾವೇರಿ ಬರುತ್ತಾಳೆ. ಜನ ಬಳಸಿ ಚೆಲ್ಲಿದ ನೀರನ್ನು ಶುದ್ಧೀಕರಿಸಿ, ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯ ಕೊಳವೆಗಳಲ್ಲಿ ಚಿಕ್ಕಬಳ್ಳಾಪುರದ ಕಡೆಗೆ ಹರಿಸುತ್ತಾರೆ. ದಿನಕ್ಕೆ 21 ಕೋಟಿ ಲೀಟರ್ ನೀರು, 65 ಕೆರೆಗಳು, ಇದು ಯೋಜನೆಯ ಗುರಿ. ಕಂದವಾರ ಕೆರೆಗೂ ಈ ನೀರು ಬಂದಿದೆ. ಬೆಟ್ಟದ ನೀರು ಊರಿಗೆ ಇಳಿದಿತ್ತು. ಈಗ ಊರಿನ ನೀರು ಬೆಟ್ಟದ ಬುಡಕ್ಕೆ ಬರುತ್ತಿದೆ!

"ಕೊಳಚೆ ನೀರು ನಮಗೇಕೆ?" ಎಂದು ಕೆಲವರು ಕೇಳುತ್ತಾರೆ. ನೀರು ಬಂದದ್ದು ಒಳ್ಳೆಯದೇ ಎನ್ನುತ್ತೇನೆ ನಾನು. ಆದರೆ ಅದನ್ನು ಇನ್ನೊಂದು ಹಂತ ಶುದ್ಧ ಮಾಡಿ ಕಳಿಸಬೇಕು. ಈ ಯೋಜನೆಯ ನೀರಿಗೆ ಎರಡು ಹಂತದ ಶುದ್ಧೀಕರಣ ಆಗುತ್ತದೆ. ಮೊದಲು ಕಸ, ಮಣ್ಣು ತಳಕ್ಕೆ ಇಳಿಯುತ್ತದೆ. ಎರಡನೆಯದರಲ್ಲಿ ಗಾಳಿ ಊದಿ ಬ್ಯಾಕ್ಟೀರಿಯಾಗಳನ್ನು ಬೆಳೆಸುತ್ತಾರೆ, ಅವು ಕೊಳೆಯನ್ನು ತಿಂದುಹಾಕುತ್ತವೆ. ಇಷ್ಟಾದರೂ ಸಾರಜನಕ, ರಂಜಕದ ಲವಣಗಳು ಮತ್ತು ರೋಗಾಣುಗಳು ಉಳಿಯಬಹುದು. ಆ ಲವಣಗಳೇ ಗೊಬ್ಬರವಾಗಿ ಕೆರೆಯಲ್ಲಿ ಪಾಚಿ ಹಬ್ಬುತ್ತದೆ. ಕೆರೆಯ ನೀರು ನೆಲಕ್ಕೆ ಇಂಗುವಾಗ ಮಣ್ಣು ಒಂದಷ್ಟು ರೋಗಾಣುಗಳನ್ನು ಸೋಸುತ್ತದೆ, ನಿಜ. ಆದರೆ ನೀರಿನಲ್ಲಿ ಕರಗಿದ ನೈಟ್ರೇಟನ್ನು ಸುಲಭವಾಗಿ ಹಿಡಿಯಲಾರದು. ಸುತ್ತಲಿನ ಬಾವಿಗಳಿಗೆ ಸೇರುವುದು ಇದೇ ನೀರಲ್ಲವೇ? ಮೂರನೇ ಹಂತದಲ್ಲಿ ಈ ಲವಣಗಳನ್ನು ತೆಗೆದು, ನುಣ್ಣಗೆ ಸೋಸಿ, ಕ್ಲೋರಿನ್ ಅಥವಾ ನೇರಳಾತೀತ ಕಿರಣದಿಂದ ರೋಗಾಣುಗಳನ್ನು ಕೊಲ್ಲಬಹುದು.

ಖರ್ಚು ಹೆಚ್ಚು ಎಂಬ ಮಾತಿದೆ. ಅದೂ ಸುಳ್ಳಲ್ಲ. ಆದರೆ ಮರುಭೂಮಿಯ ನಾಡಾದ ನಮೀಬಿಯಾದ ವಿಂಡ್‌ಹುಕ್ ನಗರದ ಜನ 1968ರಿಂದ ಬಳಸಿದ ನೀರನ್ನೇ ಹಲವು ಹಂತಗಳಲ್ಲಿ ಶುದ್ಧ ಮಾಡಿ ಕುಡಿಯುತ್ತಿದ್ದಾರೆ. ಸಿಂಗಪುರದಲ್ಲಿ 2003ರಿಂದ ಇಂಥ ನೀರಿಗೆ 'ನ್ಯೂವಾಟರ್' ಎಂದೇ ಹೆಸರಿಟ್ಟು ಕಾರ್ಖಾನೆಗಳಿಗೂ ಜಲಾಶಯಗಳಿಗೂ ಕೊಡುತ್ತಿದ್ದಾರೆ. ನಾವು ಕೇಳುತ್ತಿರುವುದು ಕುಡಿಯುವ ನೀರನ್ನಲ್ಲ, ಕೆರೆಗೆ ತಕ್ಕ ನೀರನ್ನು. ಅಲ್ಲಿಯವರೆಗೆ ಈ ಕೆರೆಗಳ ಮತ್ತು ಸುತ್ತಲಿನ ಬಾವಿಗಳ ನೀರನ್ನು ಮೇಲಿಂದ ಮೇಲೆ ಪರೀಕ್ಷಿಸಬೇಕು. ನೈಟ್ರೇಟ್ ಎಷ್ಟು, ಫ್ಲೋರೈಡ್ ಎಷ್ಟು, ರೋಗಾಣು ಇದೆಯೇ ಎಂಬುದನ್ನು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ, ನೀವು ಓದಿದರೂ ಅರ್ಥವಾಗುವ ಕನ್ನಡದಲ್ಲಿ ಬರೆಸಬೇಕು.