ಡಿಕ್ಕಿಯ ದೀಪಕ್ಕೆ ಎಲ್‌ಇಡಿ

ಊರಿಗೆ ಹೊರಡುವ ರಾತ್ರಿ ಸಾಮಾನು ತುಂಬುವಾಗಲೇ ಕಾರಿನ ಡಿಕ್ಕಿಯ ದೀಪ ಎಷ್ಟು ಮಂಕು ಎಂದು ಗೊತ್ತಾಗುವುದು. ಚೆನ್ನೈನಲ್ಲಿ ಇದಕ್ಕೆ ಮದ್ದು ಸುಲಭ. ಮೌಂಟ್ ರೋಡಿಗೆ ಹೊಂದಿಕೊಂಡ ಜಿ.ಪಿ. ರೋಡಿನಲ್ಲಿ ಕಾರಿನ ಬಿಡಿಭಾಗಗಳ ಅಂಗಡಿಗಳಿವೆ. ಭಾಷೆಯ ತೊಡಕೂ ಇಲ್ಲ, ‘ಡಿಕ್ಕಿ ಲೈಟ್’ ಎಂದರೆ ತಮಿಳಿನಲ್ಲೂ ಅದೇ.

ಬೆಳಕಿಗಿಂತ ಮುಖ್ಯವಾದದ್ದು ಬ್ಯಾಟರಿ. ಹಳೆಯ 5 ವ್ಯಾಟ್ ಬಲ್ಬು ಸುಮಾರು 0.4 ಆಂಪಿಯರ್ ಎಳೆಯುತ್ತದೆ. ಡಿಕ್ಕಿ ಸರಿಯಾಗಿ ಮುಚ್ಚದೆ ಎರಡು ದಿನ ನಿಂತರೆ 20 ಆಂಪಿಯರ್-ಗಂಟೆ ಖರ್ಚು. 35 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅದು ಅರ್ಧಕ್ಕಿಂತ ಹೆಚ್ಚು. 1 ವ್ಯಾಟಿನ ಎಲ್‌ಇಡಿಯಾದರೆ ಬರೀ 4.

ಅಂಗಡಿಗೆ ಹಳೆಯ ಬಲ್ಬನ್ನೇ ಒಯ್ಯಿರಿ. ಎರಡು ತುದಿಗೂ ಟೋಪಿಯಿರುವ ಬಲ್ಬು 31, 36, 39, 41 ಮಿ.ಮೀ. ಅಳತೆಗಳಲ್ಲಿ ಸಿಗುತ್ತದೆ. ಎಂಜಿನ್ ಓಡುವಾಗ ವೋಲ್ಟೇಜ್ 14 ದಾಟುವುದರಿಂದ ಅದನ್ನು ತಾಳುವ ಎಲ್‌ಇಡಿಯನ್ನೇ ಕೇಳಿ.

ಮೊದಲು ಫ್ಯೂಸ್ ತೆಗೆಯಿರಿ, ಆಮೇಲೆ ಬಲ್ಬು. ಹಾಕಿದ ಎಲ್‌ಇಡಿ ಉರಿಯದಿದ್ದರೆ ಕೆಟ್ಟಿದೆ ಎಂದುಕೊಳ್ಳಬೇಡಿ, ತಿರುಗಿಸಿ ಹಾಕಿ. ಅದಕ್ಕೆ ಪ್ಲಸ್-ಮೈನಸ್ ಉಂಟು. ವೈರು ಉದ್ದ ಮಾಡಬೇಕಾದರೆ ಬರೀ ಹೊಸೆದು ಟೇಪ್ ಸುತ್ತಬೇಡಿ. ಇಲ್ಲಿನ ಸೆಕೆಗೆ ಅಂಟು ಬಿಡುತ್ತದೆ, ಕಡಲಗಾಳಿಗೆ ತಾಮ್ರ ಹಸಿರುಗಟ್ಟುತ್ತದೆ. ಬೆಸುಗೆ ಹಾಕಿಸಿ ಹೀಟ್‌ಶ್ರಿಂಕ್ ತೊಡಿಸಿ. ಫ್ಯೂಸ್ ಸುಟ್ಟರೆ ದೊಡ್ಡದನ್ನು ಹಾಕಬೇಡಿ. ಫ್ಯೂಸ್ ಉಳಿದು ವೈರು ಹೊತ್ತಿಕೊಂಡೀತು. ಹಳದಿ ಕನೆಕ್ಟರಿನ ತಂಟೆ ಬೇಡ, ಅದು ಏರ್‌ಬ್ಯಾಗಿನದು.

ಕೊನೆಗೆ, ಮೊಬೈಲಿನಲ್ಲಿ ವಿಡಿಯೊ ಹಚ್ಚಿ ಡಿಕ್ಕಿಯೊಳಗಿಟ್ಟು ಮುಚ್ಚಿ. ದೀಪ ಆರಿತೋ ಇಲ್ಲವೋ, ಅದೇ ಹೇಳುತ್ತದೆ.